ಬಾರದವರ ಲಿಸ್ಟು ಮತ್ತು ನನ್ನ ಎಂ.ಡಿ.

ಮೊನ್ನೆ ರಿಸಲ್ಟ್ ಬಂತು. ರೇಡಿಯೇಷನ್ ಆಂಕಾಲಜಿಯಲ್ಲಿ ಎಂ.ಡಿ. ಪಾಸಾದೆ. ಅಪ್ಪನಿಗೆ ಫೋನ್ ಮಾಡಿದಾಗ ಅವರು ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಿನ ಗಲಾಟೆ ಮಧ್ಯೆ ನಿಂತಿದ್ದರು. ಮೂರು ಸಲ ಹೇಳಬೇಕಾಯಿತು. ಕೇಳಿಸಿದ ಮೇಲೆ ಆ ಕಡೆಯಿಂದ ಮಾತೇ ಇಲ್ಲ.

ಅಪ್ಪ, ಎಂಬಿಬಿಎಸ್ ಐದೂವರೆ ವರ್ಷ, ಆಮೇಲೆ ಇದು 3 ವರ್ಷ. 15 ಕೆಜಿ ಬಾಕ್ಸಿಗೆ ಲಾರಿ ಬಾಡಿಗೆಯೂ ಹುಟ್ಟದ ಕಾಲದಲ್ಲೂ ನನ್ನ ಫೀಸು ನಿಲ್ಲಲಿಲ್ಲ. ದುಡ್ಡು ಎಲ್ಲಿಂದ ತಂದಿರಿ ಅಂತ ನೀವು ಹೇಳಲಿಲ್ಲ. ರಜೆಗೆ ಬಂದಾಗ ಕೊಟ್ಟಿಗೆಯಲ್ಲಿ ಸೀಮೆಹಸು ಒಂದು ಕಡಿಮೆ ಇತ್ತು.

ಊರಲ್ಲಿ ಈಗಲೂ "ಎಕ್ಸ್‌ರೇ ತೆಗೆಯೋ ಡಾಕ್ಟರಾ?" ಅಂತ ಕೇಳುತ್ತಾರೆ. ಎಕ್ಸ್‌ರೇ, ಸ್ಕ್ಯಾನ್ ನೋಡಿ ಕಾಯಿಲೆ ಹೇಳುವವರು ಬೇರೆ. ನಾವು ವಿಕಿರಣದಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವವರು. ನಮ್ಮ ಕಡೆ ಇದಕ್ಕೆ 'ಕರೆಂಟ್ ಕೊಡೋದು' ಅಂತಾರೆ. ಶಾಕ್ ಹೊಡೆಯುವುದಿಲ್ಲ, ಕೊಡುವಾಗ ನೋವೂ ಆಗುವುದಿಲ್ಲ. ಆದರೂ ಆ ಹೆಸರು ಕೇಳಿಯೇ ಎಷ್ಟೋ ಜನ ಹೆದರುತ್ತಾರೆ.

ನಾನು ಇದನ್ನು ಆರಿಸಿಕೊಂಡಿದ್ದು ದೊಡ್ಡಮ್ಮನಿಂದ. ನಾನು ಹೈಸ್ಕೂಲಲ್ಲಿದ್ದಾಗ ಅವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಆಯಿತು. 25 ದಿನದ ಕರೆಂಟ್‌ನಲ್ಲಿ 14 ಮುಗಿದಿತ್ತು. ರಕ್ತ ಹೋಗುವುದು ನಿಂತಿತು. ವಾಸಿಯಾಯಿತು ಅಂದುಕೊಂಡು ರಾಗಿ ಕೊಯ್ಲಿಗೆ ಊರಿಗೆ ಬಂದರು. ಮತ್ತೆ ಹೋಗಲಿಲ್ಲ. ನಾವ್ಯಾರೂ ಕಳಿಸಲೂ ಇಲ್ಲ. ಮುಂದಿನ ಕೊಯ್ಲಿಗೆ ಅವರಿರಲಿಲ್ಲ.

ಎಂ.ಡಿ. ಮೊದಲ ವರ್ಷದ ಒಂದು ಕ್ಲಾಸಲ್ಲಿ ಮೇಡಂ ಇದರ ಒಳಗುಟ್ಟು ಹೇಳಿದರು. ಚಿಕಿತ್ಸೆ ಶುರುವಾಗಿ ಮೂರ್ನಾಲ್ಕು ವಾರವಾದ ಮೇಲೆ, ಉಳಿದಿರುವ ಕ್ಯಾನ್ಸರ್ ಕಣಗಳು ಇನ್ನೂ ಜೋರಾಗಿ ಬೆಳೆಯುವುದಕ್ಕೆ ನೋಡುತ್ತವೆ. ಮಧ್ಯೆ ಬಿಟ್ಟ ಒಂದೊಂದು ದಿನವೂ ಅವುಗಳಿಗೆ ಲಾಭ. ಅದಕ್ಕೇ ದೊಡ್ಡಮ್ಮನಿಗೆ ಬಂದಂಥ ಕ್ಯಾನ್ಸರ್‌ನಲ್ಲಿ ಹೊರಗಿನ ಕರೆಂಟು, ವಿಕಿರಣದ ಮೂಲವನ್ನೇ ಗಡ್ಡೆಯ ಹತ್ತಿರ ಒಳಗಿಟ್ಟು ಕೊಡುವ ಬ್ರಾಕಿಥೆರಪಿ ಎರಡೂ ಸೇರಿ 8 ವಾರದೊಳಗೆ ಮುಗಿಯಬೇಕು. ನಾನು ಕ್ಲಾಸಲ್ಲೇ ಅತ್ತುಬಿಟ್ಟೆ. ಮೇಡಂ ಆಮೇಲೆ ಕರೆದು ವಿಷಯ ಕೇಳಿದರು. ಸಮಾಧಾನದ ಮಾತು ಜಾಸ್ತಿ ಆಡಲಿಲ್ಲ. "ನಾಳೆಯಿಂದ ಮೆಷಿನ್‌ಗೆ ಬಾರದವರ ಲಿಸ್ಟ್ ನೀನು ನೋಡ್ಕೋ. ಸಂಜೆಯೊಳಗೆ ಎಲ್ಲರಿಗೂ ಫೋನ್ ಹೋಗಿರಬೇಕು" ಅಂದರು.

ಮೇಡಂ, ನೀವು ಕೊಟ್ಟ ಆ ಕೆಲಸಕ್ಕೆ ನಾನು ಜನ್ಮಪೂರ್ತಿ ಋಣಿ.

ಗೆರೆ ಎಳೆಯುವುದನ್ನು ಕಲಿಸಿದ ಸರ್‌ಗೂ ಅಷ್ಟೇ. ಸಿ.ಟಿ. ಸ್ಕ್ಯಾನಿನ ಒಂದೊಂದು ಚಿತ್ರದಲ್ಲೂ ಗಡ್ಡೆ ಎಲ್ಲಿದೆ, ಜೊಲ್ಲಿನ ಗ್ರಂಥಿ ಎಲ್ಲಿದೆ, ಬೆನ್ನುಹುರಿ ಎಲ್ಲಿದೆ ಅಂತ ನಾವು ಗುರುತು ಹಾಕಬೇಕು. ನಾವು ಬಿಟ್ಟ ಜಾಗಕ್ಕೆ ಡೋಸ್ ಸರಿಯಾಗಿ ಸಿಗುವುದಿಲ್ಲ. ಎರಡನೇ ವರ್ಷ ನಾನು ಒಬ್ಬರ ಕುತ್ತಿಗೆಯಲ್ಲಿದ್ದ ಸಣ್ಣ ಗಂಟನ್ನು ಬಿಟ್ಟುಬಿಟ್ಟಿದ್ದೆ. ಪ್ಲಾನ್ ಮುಂದೆ ಹೋಗುವ ಮೊದಲೇ ಸರ್ ಕಂಡುಹಿಡಿದರು. ಬೈಯಲಿಲ್ಲ. ನನ್ನನ್ನು ವಾರ್ಡಿಗೆ ಕರೆದುಕೊಂಡು ಹೋಗಿ ಆ ರೋಗಿಯ ಕುತ್ತಿಗೆ ಮುಟ್ಟಿ ನೋಡಿಸಿದರು. ಬೆರಳಿಗೆ ಸಿಕ್ಕಿತು. ವಾಪಸ್ ಬಂದು ಮೊದಲಿಂದ ಎಳೆದೆ. ರೋಗಿಯನ್ನು ಮುಟ್ಟಿ ನೋಡದೆ ನಾನು ಆಮೇಲೆ ಯಾವತ್ತೂ ಗೆರೆ ಎಳೆದಿಲ್ಲ.

ರಾತ್ರಿ ಒಂಬತ್ತಕ್ಕೂ ಬೇಸರಪಡದೆ ಪ್ಲಾನ್ ತಿದ್ದಿ ತೋರಿಸಿದ, ಡೋಸ್ ಲೆಕ್ಕ ಹಾಕುವ ಫಿಸಿಸಿಸ್ಟ್ ಸರ್, ತಲೆ ಅಲ್ಲಾಡದಂತೆ ಮುಖಕ್ಕೆ ಮಾಸ್ಕ್ ಹಾಕುವಾಗ "ಎರಡೇ ನಿಮಿಷ ಕಣ್ಮುಚ್ಚಿಕೊಳ್ಳಿ, ನಾವು ಕ್ಯಾಮೆರಾದಲ್ಲಿ ನೋಡ್ತಾನೇ ಇರ್ತೀವಿ" ಅಂತ ಪ್ರತಿಯೊಬ್ಬರಿಗೂ ಹೇಳುವ ಟೆಕ್ನಾಲಜಿಸ್ಟ್ ಅಕ್ಕ, ನಿಮ್ಮನ್ನು ಮರೆಯಲಾರೆ.

ಕೊನೆಗೆ ಬಂಗಾರಪೇಟೆಯ ಅಜ್ಜಿ. ಕಡ್ಡಿಪುಡಿ ಹಾಕಿ ಹಾಕಿ ಕೆನ್ನೆಯ ಒಳಗೆ ಕ್ಯಾನ್ಸರ್. ಆಪರೇಷನ್ ಆದಮೇಲೆ ದಿನಕ್ಕೆ 2 ಗ್ರೇಯಂತೆ (ಗ್ರೇ ಅಂದರೆ ವಿಕಿರಣದ ಡೋಸ್ ಅಳೆಯುವ ಮಾನ) 30 ದಿನ, ಒಟ್ಟು 60 ಗ್ರೇ ಕೊಡಬೇಕಿತ್ತು. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಿ ಬೆಂಗಳೂರಿಗೆ ಬರುತ್ತಿದ್ದರು. 19ನೇ ದಿನ ಬರಲಿಲ್ಲ. ಫೋನ್ ಮಾಡಿದೆ. ಬಾಯೆಲ್ಲಾ ಹುಣ್ಣು, ಗಂಜಿಯೂ ಇಳಿಯುತ್ತಿರಲಿಲ್ಲ. "ಸಾಕು ಬಿಡು ಮಗಳೇ" ಅಂದರು. ನಾನು ದೊಡ್ಡಮ್ಮನ ವಿಷಯ ಹೇಳಿದೆ. ಅಜ್ಜಿ ಸುಮ್ನೆ ಕೇಳಿಸಿಕೊಂಡರು. ಮಾರನೇ ದಿನ ಮೊಮ್ಮಗನ ಕೈ ಹಿಡಿದು ಬಂದು ಕ್ಯೂನಲ್ಲಿ ಕೂತಿದ್ದರು. ನೋವಿಗೆ ಔಷಧಿ ಬದಲಾಯಿಸಿದೆವು, ಮೂಗಿನಲ್ಲಿ ಊಟದ ನಳಿಕೆ ಹಾಕಿದೆವು. ಆ ನಳಿಕೆ ಇಟ್ಟುಕೊಂಡೇ ರೈಲಲ್ಲಿ ಓಡಾಡಿದರು. 30 ಮುಗಿಸಿದರು.

ಪರೀಕ್ಷೆಯಲ್ಲಿ ನನ್ನನ್ನು ಪಾಸು ಮಾಡಿದ್ದು ನಾಲ್ಕು ಜನ ಎಕ್ಸಾಮಿನರ್‌ಗಳು. ಡಾಕ್ಟರ್ ಮಾಡಿದ್ದರಲ್ಲಿ ನಿಮ್ಮ ಪಾಲೇ ದೊಡ್ಡದು ಅಜ್ಜಿ. ಮುಂದಿನ ತಿಂಗಳು ಚೆಕಪ್ ಇದೆ. ಹಿಂದಿನ ದಿನ ನಾನೇ ಫೋನ್ ಮಾಡುತ್ತೇನೆ.