ಹ್ಯಾಶ್ ಮ್ಯಾಚ್ ಆದ್ರೆ ಫೈಲ್ ಸೇಫ್ ಅಂತಲ್ಲ

ಸಂಪಾದಕರಿಗೆ ನಮಸ್ಕಾರ,

ಸೈಬರ್ ತನಿಖೆ ಬಗ್ಗೆ ಬರೋ ಬರಹಗಳಲ್ಲಿ ಫೈಲಿನ ಹ್ಯಾಶ್ (ಅದರ ಬೆರಳಚ್ಚಿನಂಥ ಸಂಖ್ಯೆ) ಗೊತ್ತಿರೋ ಫೈಲ್‌ಗಳ ಪಟ್ಟಿ ಜೊತೆ ತಾಳೆ ಆಯ್ತು ಅಂದ್ರೆ ಫೈಲ್ ಸುರಕ್ಷಿತ ಅನ್ನೋ ಥರ ಬರೆಯೋದನ್ನ ಆಗಾಗ ನೋಡ್ತೀನಿ, ಅದು ತಪ್ಪು. ಹ್ಯಾಶ್ ಇದು ಯಾವ ಫೈಲ್ ಅಂತ ಹೇಳುತ್ತೆ ಅಷ್ಟೇ, ಒಳ್ಳೇದೋ ಕೆಟ್ಟದ್ದೋ ಅಂತ ಹೇಳಲ್ಲ.

ಫೈಲ್ ಒಳಗಿನ ಅಷ್ಟೂ ಬೈಟ್‌ ಲೆಕ್ಕಕ್ಕೆ ತಗೊಂಡು ಬರೋ ಸಂಖ್ಯೆ ಅದು, ಫೈಲ್ ಎಷ್ಟೇ ದೊಡ್ಡದಿರ್ಲಿ ಎಸ್‌ಎಚ್‌ಎ-256 ಅನ್ನೋ ಲೆಕ್ಕದ ವಿಧಾನ ಹಾಕಿದ್ರೆ ಸಿಗೋದು ಅಂಕಿ-ಅಕ್ಷರ ಸೇರಿ 64 ಚಿಹ್ನೆನೇ, ಫೈಲ್ ಹೆಸರು ಬದಲಾಯಿಸಿದ್ರೆ ಏನೂ ಆಗಲ್ಲ ಆದ್ರೆ ಒಳಗೆ ಒಂದು ಬಿಟ್ ಆಚೀಚೆ ಆದ್ರೂ ಪೂರ್ತಿ ಬೇರೇನೇ ಬರುತ್ತೆ. ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ ನ್ಯಾಷನಲ್ ಸಾಫ್ಟ್‌ವೇರ್ ರೆಫರೆನ್ಸ್ ಲೈಬ್ರರಿ ಇದನ್ನೇ ಬಳಸಿ ಸಾಫ್ಟ್‌ವೇರ್‌ಗಳನ್ನ ಕಲೆಹಾಕಿ ಒಂದೊಂದು ಫೈಲಿನ ಹ್ಯಾಶ್, ಹೆಸರು, ಸೈಜ್ ಎಲ್ಲ ಪಟ್ಟಿ ಮಾಡಿ ಫ್ರೀಯಾಗಿ ಕೊಡುತ್ತೆ. ಜಪ್ತಿ ಮಾಡಿದ ಹಾರ್ಡ್ ಡಿಸ್ಕಲ್ಲಿ ಲಕ್ಷಗಟ್ಟಲೆ ಫೈಲ್ ಇರ್ತಾವೆ, ಆಪರೇಟಿಂಗ್ ಸಿಸ್ಟಮ್ ಜೊತೆ ಬಂದಿದ್ದನ್ನೆಲ್ಲ ಈ ಪಟ್ಟಿ ಜೊತೆ ತಾಳೆ ನೋಡಿ ಪಕ್ಕಕ್ಕಿಟ್ರೆ ತನಿಖೆ ಮಾಡೋರು ಕೂತು ನೋಡಬೇಕಾದ್ದು ಎಷ್ಟೋ ಕಮ್ಮಿ ಆಗುತ್ತೆ, ನಿಜಕ್ಕೂ ದೊಡ್ಡ ಉಪಕಾರ. ಆದ್ರೆ ಅದೇ ಪಟ್ಟೀಲಿ ಹ್ಯಾಕಿಂಗ್ ಸ್ಕ್ರಿಪ್ಟ್‌ಗಳೂ ಇವೆ, ಡೇಟಾ ಬಚ್ಚಿಡೋ ಸ್ಟೆಗನೋಗ್ರಫಿ ಟೂಲ್‌ಗಳೂ ಇವೆ! ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ನಡತೆ ಸರ್ಟಿಫಿಕೇಟ್ ಸಿಕ್ಕ ಹಾಗಲ್ವಲ್ಲ. ಪಟ್ಟೀಲಿ ಇಲ್ಲದ್ದೆಲ್ಲ ಅನುಮಾನಾಸ್ಪದ ಅನ್ನೋದೂ ಅಷ್ಟೇ ತಪ್ಪು, ನಾವು ನೀವು ಟೈಪ್ ಮಾಡಿದ ಯಾವ ಕಾಗದವೂ ಅಲ್ಲಿ ಇರಲ್ಲ.

ಇನ್ನೊಂದು ವಿಷ್ಯ, ಎಂಡಿ5 ಅನ್ನೋ ಹಳೇ ಹ್ಯಾಶ್ ವಿಧಾನ ಮುರಿದುಬಿತ್ತು ಹಾಗಾಗಿ ಅದರಲ್ಲಿ ಮಾಡಿದ ಹಳೇ ಪಟ್ಟಿಗಳೆಲ್ಲ ಕಸ ಅಂತ ಕೆಲವರು ವಾದ ಮಾಡ್ತಾರೆ. 2004ರಲ್ಲಿ ಎಂಡಿ5ಗೆ, 2017ರಲ್ಲಿ ಇನ್ನೊಂದು ಹಳೇ ವಿಧಾನ ಎಸ್‌ಎಚ್‌ಎ-1ಗೆ ಒಂದೇ ಹ್ಯಾಶ್ ಬರೋ ಬೇರೆ ಬೇರೆ ಎರಡು ಇನ್‌ಪುಟ್ ಅನ್ನ ಸಂಶೋಧಕರು ಮಾಡಿ ತೋರಿಸಿದ್ದು ನಿಜ, ಆದ್ರೆ ಅಲ್ಲಿ ಎರಡನ್ನೂ ಮಾಡಿದ್ದು ಅವರೇ. ಯಾರೋ ಯಾವತ್ತೋ ಬಿಡುಗಡೆ ಮಾಡಿದ ಫೈಲಿಗೆ ಸರಿಯಾಗಿ ಹೊಂದೋ ಇನ್ನೊಂದನ್ನ ಹುಟ್ಟಿಸೋದು ಬೇರೆ ಲೆಕ್ಕ, ಎಂಡಿ5ಗೂ ಅದು ಇನ್ನೂ ಯಾರ ಕೈಗೂ ಎಟುಕಿಲ್ಲ. ಹಾಗಂತ ಹೊಸ ಕೆಲಸಕ್ಕೆ ಎಂಡಿ5 ಹಿಡ್ಕೊಂಡು ಕೂರೋದೂ ಬೇಡ, ಎಸ್‌ಎಚ್‌ಎ-256 ಇದೆಯಲ್ಲ.

ಇನ್ಮೇಲೆ ಇಂಥ ಸುದ್ದಿ ಹಾಕುವಾಗ ಯಾವ ಹ್ಯಾಶ್ ವಿಧಾನ, ಯಾರ ಪಟ್ಟಿ ಜೊತೆ ತಾಳೆ ನೋಡಿದ್ರು ಅನ್ನೋದನ್ನ ಒಂದು ಸಾಲಲ್ಲಿ ಸೇರಿಸಿ, ಸುರಕ್ಷಿತ ಅನ್ನೋ ಪದ ತೆಗೆದುಬಿಡಿ.

ಇಂತಿ,
ಒಬ್ಬ ಓದುಗ