ಎಲ್ಲ ಪ್ರಯಾಣಕ್ಕೂ ಒಂದೇ ತಪಾಸಣೆಯೇ?

ಮಾನ್ಯ ಸಂಪಾದಕರೇ,

ಎಲ್ಲಿಯಾದರೂ ಬಾಂಬ್ ಸ್ಫೋಟಿಸಿದಾಗಲೆಲ್ಲ, ವಿಮಾನ ನಿಲ್ದಾಣದಂತೆ ರೈಲು, ಬಸ್ಸುಗಳಿಗೂ ಭದ್ರತಾ ತಪಾಸಣೆ ಬೇಕೆಂಬ ಕೂಗು ಏಳುತ್ತದೆ. ಬಸವನಗುಡಿಯಿಂದ ದಿನವೂ ಮೆಟ್ರೊದಲ್ಲಿ ಕೆಲಸಕ್ಕೆ ಹೋಗಿಬರುವ ನನಗೆ ಈ ಕೂಗು ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ.

ವಿಮಾನದ ಮಾತೇ ಬೇರೆ. ಆಕಾಶದಲ್ಲಿ ಸಣ್ಣದೊಂದು ಸ್ಫೋಟಕವೂ ಒಳಗಿರುವ ಅಷ್ಟೂ ಜನರ ಪ್ರಾಣ ತೆಗೆಯಬಲ್ಲದು. 1999ರಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನ ಕಂದಹಾರದಲ್ಲಿ ಇಳಿದಂತೆ, ಅಪಹರಣಕಾರರು ಅದನ್ನು ತಮಗೆ ಬೇಕಾದೆಡೆಗೆ ಒಯ್ಯಲೂಬಲ್ಲರು. ದೇವನಹಳ್ಳಿಗೆ ಎರಡು ಗಂಟೆ ಮುಂಚೆ ತಲುಪುವವರಿಗೆ ಸಾಲಿನಲ್ಲಿ ನಿಲ್ಲುವುದು ಹೊರೆಯೂ ಅಲ್ಲ. ರೈಲಿಗಾದರೋ ಹಳಿಯುದ್ದಕ್ಕೂ ಕಾವಲಿಲ್ಲ. ಅದಕ್ಕೆ ಕೇಡು ಬಗೆಯುವವನು ನಿಲ್ದಾಣದ ಬಾಗಿಲಿಗೆ ಬರಬೇಕೆಂದೇ ಇಲ್ಲ.

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೆಟ್ರೊ ಬಾಗಿಲಲ್ಲಿ ನಿಂತು ನೋಡಿ. ಎಲ್ಲರ ಜೇಬಿನಲ್ಲೂ ಮೊಬೈಲ್, ಕೀಗೊಂಚಲು ಇರುವುದರಿಂದ ಲೋಹಶೋಧಕದ ಚೌಕಟ್ಟು ಎಲ್ಲರಿಗೂ ಕೂಗುತ್ತದೆ. ನನ್ನ ಚೀಲದಲ್ಲಿರುವ ಸ್ಟೀಲಿನ ಊಟದ ಡಬ್ಬಿ ಎಕ್ಸ್-ರೇ ಯಂತ್ರದೊಳಗೆ ಹೊಕ್ಕು ಆಚೆ ಬರುತ್ತದೆ, ಅದನ್ನು ಯಾರೂ ಬಿಚ್ಚಿಸಿದ್ದಿಲ್ಲ. (2006ರಲ್ಲಿ ಮುಂಬೈ ಲೋಕಲ್ ರೈಲುಗಳಲ್ಲಿ ಸ್ಫೋಟಿಸಿದ್ದು ಪ್ರೆಷರ್ ಕುಕ್ಕರ್‌ಗಳಲ್ಲಿಟ್ಟ ಬಾಂಬುಗಳು ಎಂದು ಪೊಲೀಸರು ಹೇಳಿದ್ದು ಆಗ ನೆನಪಾಗುತ್ತದೆ.) ಇದಕ್ಕಾಗಿ ಸಿಬ್ಬಂದಿಯನ್ನು ದೂರಲಾರೆ, ಒಂದೊಂದು ಡಬ್ಬಿಯನ್ನೂ ಬಿಚ್ಚಿಸುತ್ತ ಕುಳಿತರೆ ಸಾಲು ರಸ್ತೆಗೆ ಬರುತ್ತದೆ, ಆ ಸಾಲೇ ದಾಳಿಕೋರನಿಗೆ ಸುಲಭದ ಗುರಿಯಾಗುತ್ತದೆ. 2013ರ ಡಿಸೆಂಬರಿನಲ್ಲಿ ರಷ್ಯಾದ ವೋಲ್ಗೊಗ್ರಾಡ್ ರೈಲು ನಿಲ್ದಾಣದಲ್ಲಿ ಆತ್ಮಹತ್ಯಾ ದಾಳಿ ನಡೆದದ್ದು ಪ್ರವೇಶದ್ವಾರದ ಲೋಹಶೋಧಕಗಳ ಬಳಿಯಲ್ಲೇ.

ಇನ್ನು, ಮೆಟ್ರೊದಲ್ಲಿ ಯಂತ್ರದೊಳಗೆ ತೂರಿಬಂದ ಅದೇ ಚೀಲವನ್ನು ಹೊತ್ತು ಮೆಜೆಸ್ಟಿಕ್‌ನಲ್ಲಿ ಇಳಿದು ಬಸ್ ಹತ್ತಿದರೆ, ಅದರಲ್ಲೇನಿದೆ ಎಂದು ಕಂಡಕ್ಟರ್ ಕೇಳುವುದಿಲ್ಲ. ಕೇಳಲು ಆಗುವುದೂ ಇಲ್ಲ. 2022ರಲ್ಲಿ ಮಂಗಳೂರಿನಲ್ಲಿ ಕುಕ್ಕರ್ ಸ್ಫೋಟಿಸಿದ್ದು ಆಟೊರಿಕ್ಷಾದಲ್ಲಿ; ಹಾಗೆಂದು ಆಟೊ ಸ್ಟ್ಯಾಂಡಿನಲ್ಲಿ ಯಂತ್ರ ಇಡಬೇಕೆಂದು ಯಾರೂ ಹೇಳಲಾರರು.

2005ರಲ್ಲಿ ನಾಲ್ಕು ಬಾಂಬುಗಳಿಂದ 52 ಜನರನ್ನು ಕಳೆದುಕೊಂಡ ಲಂಡನ್, ಆ ಬಳಿಕವೂ ತನ್ನ ಸುರಂಗ ರೈಲಿನ ಪ್ರತಿ ಪ್ರಯಾಣಿಕನನ್ನು ತಪಾಸಿಸುವ ಗೋಜಿಗೆ ಹೋಗಲಿಲ್ಲ. ನ್ಯೂಯಾರ್ಕಿನಲ್ಲಿ ಅದೇ ವರ್ಷದಿಂದ ಕೆಲವೇ ಚೀಲಗಳನ್ನು ಆಯ್ದು, ಅವನ್ನು ತೆರೆಸಿ ನೋಡುತ್ತಾರೆ. ನಮ್ಮಲ್ಲೂ ದಟ್ಟಣೆಯ ಹೊತ್ತಿನಲ್ಲಿ ಹೀಗೆ ಆಯ್ದ ಚೀಲಗಳನ್ನಷ್ಟೇ ಸರಿಯಾಗಿ ಪರೀಕ್ಷಿಸಿ, ಉಳಿದ ಸಿಬ್ಬಂದಿಯನ್ನು ಶ್ವಾನದಳದೊಂದಿಗೆ ಪ್ಲಾಟ್‌ಫಾರ್ಮಿಗೆ ಕಳಿಸಿದರೆ, ವಾರಸುದಾರರಿಲ್ಲದ ಚೀಲವೊಂದು ಬೇಗ ಕಣ್ಣಿಗೆ ಬಿದ್ದೀತು. ಮೊದಲು ಒಂದೆರಡು ನಿಲ್ದಾಣಗಳಲ್ಲಿ ತಿಂಗಳ ಮಟ್ಟಿಗೆ ಇದನ್ನು ಪ್ರಯೋಗಿಸಿ ನೋಡಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ನಿತ್ಯ ಪ್ರಯಾಣಿಕ, ಬಸವನಗುಡಿ, ಬೆಂಗಳೂರು