ಐತೀರ್ಪಿನ ಹಣ: ಕಾರ್ಮಿಕನಿಗೆ ಗಡುವು, ಕಚೇರಿಗೆ ಇಲ್ಲ

ಮಾನ್ಯ ಸಂಪಾದಕರೇ,

ನಮ್ಮ ಯಜಮಾನರು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ (ಎರಕದ ಕಾರ್ಖಾನೆ) ಹತ್ತೊಂಬತ್ತು ವರ್ಷ ಮೋಲ್ಡರ್, ಅಂದರೆ ಎರಕದ ಅಚ್ಚು ಮಾಡುವವರು, ಆಗಿದ್ದರು. ಕಾದ ಕಬ್ಬಿಣ ಸಿಡಿದು ಆದ ಸುಟ್ಟ ಕಲೆಗಳು ಎರಡೂ ಮುಂಗೈ ಮೇಲೆ ಕೊನೆವರೆಗೂ ಹಾಗೇ ಇದ್ದವು. 2009ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಏಳು ವರ್ಷ ಅಲೆದ ಮೇಲೆ, 2016ರಲ್ಲಿ, ಕಾರ್ಮಿಕ ನ್ಯಾಯಾಲಯದ ಐತೀರ್ಪು (ಅವಾರ್ಡ್) ನಮ್ಮ ಕಡೆ ಬಂತು. ಮರಳಿ ಕೆಲಸಕ್ಕೆ ಬದಲಾಗಿ 2 ಲಕ್ಷ 80 ಸಾವಿರ ರೂಪಾಯಿ ಪರಿಹಾರ. ಅವತ್ತು ಮನೆಯಲ್ಲಿ ಗೋಧಿ ಹುಗ್ಗಿ ಮಾಡಿ ಓಣಿಗೆಲ್ಲ ಹಂಚಿದ್ದೆ.

ಐತೀರ್ಪನ್ನು ಪ್ರಶ್ನಿಸಿ ಕಂಪನಿಯವರು ಧಾರವಾಡದ ಹೈಕೋರ್ಟ್ ಪೀಠಕ್ಕೆ ರಿಟ್ ಅರ್ಜಿ ಹಾಕಿದರು. ತಡೆಯಾಜ್ಞೆ ಅವರಿಗೆ ಸಿಗಲಿಲ್ಲ. ಆದರೂ 'ಮೇಲಿನ ಕೋರ್ಟಿನಲ್ಲಿ ಕೇಸ್ ನಡೆದಿದೆ, ಮುಗಿಯಲಿ' ಎಂದು ನಾವು ಕಾಯುತ್ತ ಕೂತೆವು. ತಡೆಯಾಜ್ಞೆ ಇಲ್ಲವೆಂದರೆ ಕಾಯಬೇಕಿಲ್ಲ, ಹಣ ವಸೂಲಿಗೆ ಅರ್ಜಿ ಹಾಕುವ ಗಡುವಿನ ದಿನಗಳು ಓಡುತ್ತಲೇ ಇರುತ್ತವೆ ಎಂದು ನಮಗೆ ಯಾರೂ ಹೇಳಲಿಲ್ಲ. ಕೊನೆಗೆ ವಸೂಲಿ ಅರ್ಜಿ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಾಗ ಗುಮಾಸ್ತರು ಐತೀರ್ಪಿನ ಪ್ರತಿ ತಿರುವಿ, ತಾರೀಕಿನ ಮೇಲೆ ಬೆರಳಿಟ್ಟು ತಿಂಗಳು ಎಣಿಸಿದರು. "ಅಕ್ಕಾರ, ವರ್ಷ ದಾಟಿ ಮೂರು ತಿಂಗಳಾತು" ಎಂದರು. ಯಜಮಾನರು ಒಂದು ಮಾತೂ ಆಡಲಿಲ್ಲ. ಕಾಗದ ಮಡಚಿ ಕೈಚೀಲಕ್ಕೆ ಹಾಕಿಕೊಂಡರು.

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 33ಸಿ(1) ಕಲಂ ಏನು ಹೇಳುತ್ತಿತ್ತು ಎಂದು ತಿಳಿದದ್ದು ಆಮೇಲೆ. ಐತೀರ್ಪಿನ ಹಣ ಬರಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕಿತ್ತು. ಕಾಯ್ದೆಯ ಪ್ರಕಾರ ಒಪ್ಪಿ ನೇಮಿಸಿಕೊಂಡ ಮಧ್ಯಸ್ಥಗಾರರು ಕೊಟ್ಟ ತೀರ್ಪಿಗೂ ಇದೇ ಲೆಕ್ಕ. ಸಿವಿಲ್ ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ) ಇದ್ದವರಿಗೆ ಅದನ್ನು ಜಾರಿ ಮಾಡಿಸಿಕೊಳ್ಳಲು 12 ವರ್ಷ ಅವಕಾಶವಿದೆ. ಸಾಲ ಕೊಟ್ಟವನಿಗೆ 12 ವರ್ಷ, ದುಡಿದವನಿಗೆ ಒಂದು ವರ್ಷ. ಇದು ಯಾವ ನ್ಯಾಯ ಎಂದು ನಾನು ಇವತ್ತಿಗೂ ಕೇಳುತ್ತೇನೆ.

ತಡಕ್ಕೆ ತಕ್ಕ ಕಾರಣವಿದ್ದರೆ ಅರ್ಜಿ ತೆಗೆದುಕೊಳ್ಳಬಹುದು ಎಂದು ಅದೇ ಕಲಮಿನಲ್ಲಿತ್ತು. ಅದನ್ನು ತೋರಿಸಿಕೊಟ್ಟವರು ಒಬ್ಬ ಹಿರಿಯ ವಕೀಲರು, ಪೈಸೆ ಮುಟ್ಟಲಿಲ್ಲ. ಅವರೇ ಇನ್ನೊಂದು ವಿಷಯ ಹೇಳಿದರು. ಐತೀರ್ಪಿನಲ್ಲಿ ಇಂತಿಷ್ಟು ಹಣ ಎಂದು ಬರೆಯದೆ 'ಹಿಂಬಾಕಿ ವೇತನ ಕೊಡಿ' ಎಂದಷ್ಟೇ ಇದ್ದರೆ, ಲೆಕ್ಕ ಹಾಕಿಸಲು ಅದೇ ಕಾಯ್ದೆಯ 33ಸಿ(2)ರಲ್ಲಿ ಕೋರ್ಟಿಗೆ ಹೋಗಬಹುದಿತ್ತು, ಅದಕ್ಕೆ ಕಾಲಮಿತಿ ಇರಲಿಲ್ಲ. ಬಾಂಬೆ ಗ್ಯಾಸ್ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಇದನ್ನು ಹೇಳಿದೆಯಂತೆ. ವರ್ಷ ಮೀರಿತೆಂದು ಕೈಚೆಲ್ಲಿ ಕೂತವರು ಈ ಮಾತನ್ನು ದಯವಿಟ್ಟು ಗಮನಿಸಬೇಕು.

ನಮ್ಮ ತಡವನ್ನು ಮನ್ನಿಸಿದರು. ಕಂಪನಿಯ ರಿಟ್ ವಜಾ ಆಯಿತು. 2019ರಲ್ಲಿ ವಸೂಲಿ ಪ್ರಮಾಣಪತ್ರ ಜಿಲ್ಲಾಧಿಕಾರಿಗೆ ಹೋಯಿತು. ಭೂಕಂದಾಯ ಬಾಕಿಯಂತೆ ವಸೂಲು ಮಾಡಿ ಕೊಡಬೇಕು ಎಂಬುದು ಕಾನೂನು. ಕಂಪನಿಯ ಆಸ್ತಿ ಇರುವ ತಾಲ್ಲೂಕಿಗೆ ಕಡತ ಇಳಿಯಿತು, ಅಲ್ಲಿಂದ ಮುಂದೆ ಸರಿಯಲಿಲ್ಲ. ಎಷ್ಟು ದಿನದೊಳಗೆ ವಸೂಲು ಮಾಡಬೇಕೆಂದು ಆ 33ಸಿ(1) ಕಲಂ ಎಲ್ಲೂ ಹೇಳುತ್ತಿರಲಿಲ್ಲ. ಮೂರು ತಿಂಗಳ ತಡಕ್ಕೆ ನಾವು ಕಾರಣ ಬರೆದು, ಪ್ರಮಾಣ ಮಾಡಿ, ಸಹಿ ಹಾಕಿ ಕೊಟ್ಟೆವು. ಕಚೇರಿಯವರ ಇಷ್ಟು ವರ್ಷದ ತಡಕ್ಕೆ ಕಾರಣ ಕೇಳುವವರೇ ಇಲ್ಲ. 2021ರಲ್ಲಿ ಯಜಮಾನರು ತೀರಿಕೊಂಡರು. ವಾರಸುದಾರಳೆಂದು ಈಗ ನಾನು ಓಡಾಡುತ್ತಿದ್ದೇನೆ.

2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಬದಲಿಗೆ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದೆ. ಅದರಲ್ಲೂ ಕಾರ್ಮಿಕನಿಗೆ ಅದೇ ಒಂದು ವರ್ಷ. ರಾಜ್ಯ ಸರ್ಕಾರ ತನ್ನ ಕೈಲಾದಷ್ಟನ್ನಾದರೂ ಮಾಡಲಿ. ಐತೀರ್ಪಿನ ಮೊದಲ ಪುಟದಲ್ಲೇ 'ವಸೂಲಿ ಅರ್ಜಿಗೆ ಕೊನೆಯ ದಿನ ಇಂಥದ್ದು' ಎಂದು ಕನ್ನಡದಲ್ಲಿ ಮೊಹರು ಒತ್ತಿ ಕೊಡಲಿ. ಪ್ರಮಾಣಪತ್ರ ತಲುಪಿದ ಆರು ತಿಂಗಳೊಳಗೆ ವಸೂಲು ಮಾಡಬೇಕು, ಆಗದಿದ್ದರೆ ಏಕೆ ಆಗಲಿಲ್ಲವೆಂದು ಅರ್ಜಿದಾರರಿಗೆ ಬರೆದು ತಿಳಿಸಬೇಕು ಎಂದು ಕಂದಾಯ ಇಲಾಖೆಗೆ ಸುತ್ತೋಲೆ ಹೊರಡಿಸಲಿ. ಕಾರ್ಮಿಕ ಸಚಿವರು, ಕಂದಾಯ ಸಚಿವರು ಇಬ್ಬರೂ ಈ ಪತ್ರ ಓದಬೇಕೆಂದು ಕೈಮುಗಿದು ಕೇಳುತ್ತೇನೆ.

– ಮೋಲ್ಡರ್ ಒಬ್ಬರ ಪತ್ನಿ, ಬೆಳಗಾವಿ